ಒಳಗೆ ಬಿಟ್ಟ ಬಟ್ಟೆ

“ಸ್ವಲ್ಪ ಲೂಸ್ ಮಾಡಿಕೊಡಿ” ಎಂದು ಆ ವರ್ಷ ಯಾರೂ ಹೊಲಿಗೆ ಅಂಗಡಿಗೆ ಬರಲಿಲ್ಲ. ಬಂದವರೆಲ್ಲ ಟೈಟ್ ಮಾಡಿಸಲು ಬಂದರು. ನಡುಬೇಸಿಗೆಯಲ್ಲಿ ಉಣ್ಣೆಯ ಕೋಟು ತೊಟ್ಟು ಬಂದು, ಮಧ್ಯಾಹ್ನವೇ ದೀಪ ಹಚ್ಚಿದ ಅಂಗಡಿಯಲ್ಲಿ ಕೈ ಉಜ್ಜಿಕೊಳ್ಳುತ್ತ ನಿಂತರು.

ಅಣುಬಾಂಬು ಬಿದ್ದದ್ದು ಎಷ್ಟೋ ಸಮುದ್ರಗಳ ಆಚೆ. ಎರಡು ದೇಶಗಳ ಜಗಳ ಒಂದು ವಾರವೂ ನಡೆಯಲಿಲ್ಲ. ರೇಡಿಯೋದವರು ಅದನ್ನು ಸೀಮಿತ ಯುದ್ಧ ಎಂದಾಗ ದರ್ಜಿ ಹೊಲಿಗೆ ಮಿಷನ್ ನಿಲ್ಲಿಸಿರಲಿಲ್ಲ. ಆ ಮಾತಿನಿಂದ ಅವಳಿಗೆ ಒಂದಿಷ್ಟು ಸಮಾಧಾನವೇ ಆಗಿತ್ತು. ಆದರೆ ಸುಟ್ಟ ಪಟ್ಟಣಗಳ ಮಸಿ ಮೋಡಕ್ಕಿಂತ ಮೇಲೆ ಹೋಗಿ ನಿಂತಿತು. ಅಲ್ಲಿ ಅದನ್ನು ತೊಳೆಯಲು ಮಳೆಯಿಲ್ಲ. ಸೂರ್ಯ ಲೈನಿಂಗ್ ಬಟ್ಟೆಯ ಹಿಂದೆ ಇಟ್ಟ ದೀಪದಂತಾದ. ತೆನೆ ಹಾಲು ತುಂಬುವ ಹೊತ್ತಿಗೆ ಹೊಲದ ಮೇಲೆ ಹಿಮ ಬಿತ್ತು. ಧಾನ್ಯವಿದ್ದ ದೇಶಗಳು ಹಡಗು ಕಳಿಸುವುದನ್ನು ನಿಲ್ಲಿಸಿದವು. ಹಡಗಿನ ಕೆಲಸಕ್ಕೆ ಹೋದ ಅವಳ ಗಂಡ ಯಾವುದೋ ಬಂದರಿನಲ್ಲೇ ಸಿಕ್ಕಿಬಿದ್ದ. ಮನೆಯಲ್ಲಿ ಉಳಿದವರು ಅವಳು, ಅತ್ತೆ, ಎಲ್ಲರೂ ಗುಬ್ಬಿ ಎಂದು ಕರೆಯುವ ಮಗಳು, ಮತ್ತೆ ಪ್ರತಿ ತಿಂಗಳೂ ಹಗುರವಾಗುತ್ತಿದ್ದ ರೇಷನ್ ಚೀಲ.

ಆ ದಿನ ಗುಬ್ಬಿಯ ಶಾಲೆಯ ಟೀಚರಮ್ಮ ಕನ್ನಡಿಯ ಮುಂದೆ ನಿಂತು ತನ್ನ ಲಂಗವನ್ನು ಸೊಂಟದ ಬಳಿ ಹಿಡಿ ತುಂಬ ಹಿಡಿದು ತೋರಿಸಿದಳು.

“ವರ್ಷಗಟ್ಟಲೆ ಪಥ್ಯ ಮಾಡಿದರೂ ಕರಗದ ಸೊಂಟ ನೋಡೇ ಇದು! ಹೀಗೇ ಹೋದರೆ ನಿನ್ನ ಟೇಪು ನನಗೆ ಎರಡು ಸುತ್ತು ಬರುತ್ತೆ.”

“ಟೇಪು ಸುತ್ತಿದರೆ ಸುತ್ತಲಿ ಬಿಡಿ ಟೀಚರಮ್ಮ, ತಲೆ ಸುತ್ತದಿದ್ದರೆ ಸಾಕು.”

ಮೂಲೆಯಲ್ಲಿ ಗುಂಡಿ ಆರಿಸುತ್ತಿದ್ದ ಅತ್ತೆ ಕಿಸಕ್ಕನೆ ನಕ್ಕರು.

“ಉಳಿದ ಬಟ್ಟೆ ಕತ್ತರಿಸಿ ಕೊಟ್ಟುಬಿಡು, ಕೈಚೀಲಕ್ಕಾದರೂ ಆಗುತ್ತೆ,” ಎಂದಳು ಟೀಚರಮ್ಮ.

“ಅದೊಂದು ಹೇಳಬೇಡಿ. ಒಳಗೆ ಮಡಚಿ ಬಿಡ್ತೀನಿ. ನಾಳೆ ಮೈ ತುಂಬಿಕೊಂಡರೆ ಬೇಕಾಗುತ್ತೆ.”

ಅದು ಅವಳ ಪದ್ಧತಿ. ಮಕ್ಕಳ ಬಟ್ಟೆಗಂತೂ ಕೆಳಮಡಿಕೆಯಲ್ಲಿ ನಾಲ್ಕು ಬೆರಳು ಹೆಚ್ಚೇ ಬಿಡುತ್ತಿದ್ದಳು.

“ನಾಳೆ!” ಎಂದಳು ಟೀಚರಮ್ಮ. “ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಹಾಗಾಯ್ತು ನೋಡು. ನಮ್ಮ ಕ್ಲಾಸಿನ ಮಕ್ಕಳನ್ನ ಗೋಡೆಗೆ ನಿಲ್ಲಿಸಿ ಎತ್ತರ ನೋಡಿದೆ. ಹೋದ ವರ್ಷ ಎಳೆದ ಗೀಟನ್ನ ಯಾರೂ ದಾಟಿಲ್ಲ. ದಾಟಿದ್ದು ನಿನ್ನ ಗುಬ್ಬಿ ಒಬ್ಬಳೇ. ಏನು ಹಾಕ್ತೀಯೇ ಅದಕ್ಕೆ?”

“ಎಲ್ಲರಿಗೂ ಸಿಗೋದೇ ನಮಗೂ.”

ಅತ್ತೆ ನಗು ನಿಲ್ಲಿಸಿ ಗುಂಡಿಯ ಡಬ್ಬಿಯ ಮೇಲೆ ತಲೆ ಬಗ್ಗಿಸಿದರು.

ಟೀಚರಮ್ಮ ಹೋದ ಮೇಲೆ ಅವಳು ಗುಬ್ಬಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿದಳು. ಫ್ರಾಕು ಮಂಡಿಗಿಂತ ಮೇಲೆ ಹೋಗಿತ್ತು. ಒಂದು ಕ್ಷಣ ಎದೆ ಉಬ್ಬಿ ಬಂತು. ಇಡೀ ಬೀದಿಯಲ್ಲಿ ಬೆಳೆದ ಮಗು ತನ್ನದೊಂದೇ. ಆಮೇಲೆ ಲೆಕ್ಕ ಹಾಕಿದಳು. ಅದೇ ಚೀಲ, ಅದೇ ಗಂಜಿ. ತಾನು ಅಂಗಡಿಯಲ್ಲಿರುವಾಗ ಮಗುವಿಗೆ ಬಡಿಸುವವರು ಅತ್ತೆ. ಇವಳು ಒಳಗೆ ಬರುವ ಹೊತ್ತಿಗೆ ಅವರದು ಯಾವತ್ತೂ “ಆಗಲೇ ಊಟ ಆಯ್ತಮ್ಮ”.

ಬಿಸಿಲಿಲ್ಲದ್ದರಿಂದ ಒಗೆದ ಬಟ್ಟೆಯನ್ನು ಇಸ್ತ್ರಿಪೆಟ್ಟಿಗೆಯಲ್ಲೇ ಒಣಗಿಸಬೇಕಿತ್ತು. ಹಗ್ಗದ ಮೇಲಿದ್ದ ಅತ್ತೆಯ ಅಂಗಿಯನ್ನು ಎಳೆದು ಒಳಮೈ ಹೊರಗೆ ಮಾಡಿದಳು. ಅಂಗಿಯ ಪಕ್ಕದಂಚಿನಲ್ಲಿ ತಾನು ಹಾಕಿದ ಮಿಷನ್ ಹೊಲಿಗೆ ಇತ್ತು. ಅದರ ಒಳಗೆ ಕೈಯಿಂದ ಹಾಕಿದ ಸೊಟ್ಟ ಹೊಲಿಗೆ. ಅದರೊಳಗೆ ಇನ್ನೊಂದು, ಅದಕ್ಕಿಂತ ಸೊಟ್ಟ.

“ಅತ್ತೆ, ಏನಿದು?”

“ಹೊಲಿಗೆ. ದರ್ಜಿ ನೀನು, ನನ್ನ ಕೇಳ್ತೀಯಾ?”

“ಸೂಜಿಗೆ ದಾರ ಪೋಣಿಸೋಕೂ ನಿಮಗೆ ಕಣ್ಣು ಕಾಣಲ್ಲ.”

“ಗುಬ್ಬಿ ಪೋಣಿಸಿಕೊಡ್ತು. ಅಜ್ಜಿ ಈ ವಯಸ್ಸಲ್ಲಿ ಹೊಲಿಗೆ ಕಲೀತಾಳೆ ಅಂತ ಒಂದೇ ನಗು.”

“ಕೋಟು ತೆಗೀರಿ.”

“ಚಳಿ ಕಣೇ.”

ಅವಳೇ ತೆಗೆದಳು. ಕೋಟಿನ ಕೆಳಗೆ ಸ್ವೆಟರು, ಅದರ ಕೆಳಗೆ ಇವಳ ಗಂಡನ ಹಳೆಯ ಸ್ವೆಟರು, ಅದರ ಕೆಳಗೆ ಅತ್ತೆ ಇಷ್ಟೇ ಇಷ್ಟು. ಟೇಪು ಹಿಡಿದ ಬೆರಳಿಗೆ ಮೂಳೆ ತಾಗಿತು. ಊರವರ ಮೈಯನ್ನೆಲ್ಲ ಅಳೆದ ಕೈ ಈ ವರ್ಷ ಮನೆಯೊಳಗೆ ಒಮ್ಮೆಯೂ ಟೇಪು ಹಿಡಿದಿರಲಿಲ್ಲ.

“ನನಗೆ ಗೊತ್ತಾಗಬಾರದು ಅಂತ ನೀವೇ ಹೊಲಿದುಕೊಂಡಿರಾ?”

“ಗೊತ್ತಾಗಿದ್ದರೆ ಬಿಡ್ತಿದ್ದೆಯಾ?” ಅತ್ತೆ ಸ್ವೆಟರು ಕೆಳಗೆಳೆದುಕೊಂಡರು. “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಬೆಳೆಯೋ ಮಗೂಗೆ ಮಾತ್ರ ಕಾಲ ಕಾಯಲ್ಲ.”

“ಇವತ್ತಿಂದ ನನ್ನ ಎದುರಿಗೇ ಊಟ ಮಾಡಬೇಕು ನೀವು.”

“ಆಗಲಮ್ಮ, ಕಾವಲು ಕೂತ್ಕೋ.”

ಅಂಗಡಿಯ ಬಾಗಿಲೆಳೆದು ಬಂದು ಅವಳೇ ಬಡಿಸಿದಳು. ತನ್ನ ಬಟ್ಟಲಿನಿಂದ ಎರಡು ಚಮಚ ತೆಗೆದು ಅತ್ತೆಯ ಬಟ್ಟಲಿಗೆ ಹಾಕಿದಳು. ಮಿಷನ್ ತುಳಿಯುವ ಕಾಲು ನಿಂತರೆ ಮೂವರ ಬಾಯಿಯೂ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ತೆಗೆಯಲು ಧೈರ್ಯ ಬರಲಿಲ್ಲ. ಮೂವರೂ ತಿಂದರು. ಗುಬ್ಬಿ ತನ್ನ ಬಟ್ಟಲನ್ನು ಬೆರಳಿನಿಂದ ಬಳಿದು, ಬೆರಳನ್ನೂ ಚೀಪಿ ಮುಗಿಸಿತು.

“ಅಮ್ಮ, ಇನ್ನೂ ಹಸಿವು.”

ಅತ್ತೆಯ ಬಟ್ಟಲಿನಲ್ಲಿ ಅರ್ಧದಷ್ಟು ಉಳಿದಿತ್ತು. ಅವರು ಮಗುವನ್ನು ನೋಡಲಿಲ್ಲ, ಸೊಸೆಯನ್ನು ನೋಡಿದರು. ನೋಡುತ್ತಲೇ ಬಟ್ಟಲನ್ನು ಮೇಜಿನ ಮೇಲೆ ನಿಧಾನವಾಗಿ ಸರಿಸತೊಡಗಿದರು. ತಡೆಯಬೇಕಾದರೆ ತಡಿ ಎನ್ನುವಷ್ಟು ನಿಧಾನವಾಗಿ.

ಬಟ್ಟಲು ಮೇಜಿಗೆ ಉಜ್ಜುವ ಸದ್ದು ಅವಳಿಗೆ ಕೇಳಿಸಿತು. ಕೈ ಚಾಚಿದರೆ ಎಟುಕುತ್ತಿತ್ತು. ಅವಳು ಮಗಳ ಮಂಡಿಯನ್ನು, ಮಂಡಿಯ ಮೇಲೆ ನಿಂತ ಫ್ರಾಕಿನ ಅಂಚನ್ನು ನೋಡುತ್ತಿದ್ದಳು. ಕೈ ಮಡಿಲಲ್ಲೇ ಇತ್ತು.

“ತಿನ್ನು ಪುಟ್ಟ,” ಎಂದರು ಅತ್ತೆ.

ಗುಬ್ಬಿ ತಿಂದಿತು.

ಊಟವಾದ ಮೇಲೆ ಅವಳು ಫ್ರಾಕಿನ ಕೆಳಮಡಿಕೆಯನ್ನು ಎರಡು ಬೆರಳಿನಷ್ಟು ಇಳಿಸಿದಳು. ಒಳಗೆ ಇನ್ನೂ ಬಟ್ಟೆ ಇತ್ತು. ಆಮೇಲೆ ಅತ್ತೆಯ ಅಂಗಿಯನ್ನು ಎತ್ತಿಕೊಂಡಳು. ಸೊಟ್ಟ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿ, ಅದೇ ಅಳತೆಗೆ ಮಿಷನ್ನಿನಲ್ಲಿ ನೇರವಾಗಿ ಹೊಲಿದಳು. ಅತ್ತೆ ಗೋಡೆಗೊರಗಿ, ಕೋಟಿನೊಳಗೆ ಕೈ ಹುದುಗಿಸಿಕೊಂಡು ನೋಡುತ್ತಿದ್ದರು.

“ಇನ್ನೊಂದು ಸ್ವಲ್ಪ ಒಳಗೆ ಹಿಡಿ,” ಎಂದರು. “ಮತ್ತೆ ಮತ್ತೆ ಹೊಲಿಯೋ ಕೆಲಸ ತಪ್ಪುತ್ತೆ ನಿನಗೆ.”

ಅವಳು ಉಳಿದ ಬಟ್ಟೆಯನ್ನು ಕತ್ತರಿಸದೆ ಒಳಗೆ ಮಡಚಿದಳು. ಈಗ ಅದು ಹೊರಗಿನ ಬಟ್ಟೆಗಿಂತ ದಪ್ಪವಾಗಿತ್ತು, ಸೂಜಿ ಸಲೀಸಾಗಿ ಇಳಿಯುತ್ತಿರಲಿಲ್ಲ.