ಬಗೆ ಹೇಳದ ವಿಳಾಸ

“ಹೀಟರ್ ಫಂಕ್ಷನ್ನಿಗೆ ಹೋಗೋ ಪಾಯಿಂಟರ್ ಇದೆಯಲ್ಲ ಸರ್, ಅದು ಏನನ್ನ ತೋರಿಸತ್ತೆ?” ಎಂದು ಕೈಪಿಡಿ ಬರೆಯುವವಳು ಕೇಳಿದಳು.

ಹಾಸಿಗೆಯ ಮೇಲೆ ಕೂತಿದ್ದ ಹಿರಿಯ ಪ್ರೋಗ್ರಾಮರ್ ಆಗತಾನೇ ಬೋಳಿಸಿದ ತಲೆ ಸವರಿಕೊಂಡರು. “ಬರೆದಿಡಿ ಬರೆದಿಡಿ ಅಂತ ಬಡ್ಕೊಂಡೆ ನೀನು. ನಾನು ಕೇಳ್ಲಿಲ್ಲ. ಈಗ ನೋಡು, ಡಾಕ್ಟರು ತಲೆ ಬಿಚ್ಚಿಯೇ ನೋಡ್ತಾರಂತೆ.”

ಅವರ ಹೆಂಡತಿ ನಕ್ಕರು. ಕೈಪಿಡಿಯವಳಿಗೆ ನಗು ಬರಲಿಲ್ಲ. ಮಿದುಳಿನ ಗಡ್ಡೆ ತೆಗೆದ ಮೇಲೆ ಮಾತು ಉಳಿಯುತ್ತದೋ ಇಲ್ಲವೋ ಹೇಳಲಾಗದು ಎಂದಿದ್ದರು ಡಾಕ್ಟರು. ಸ್ಟ್ರೆಚರ್ ಇನ್ನೇನು ಬರುವುದರಲ್ಲಿತ್ತು.

ಸಿ ಭಾಷೆಯಲ್ಲಿ ಅವರು ಬರೆದ ಪ್ರೋಗ್ರಾಮು, ದಿನ ತುಂಬದೆ ಹುಟ್ಟಿದ ಕೂಸುಗಳ ಇನ್‌ಕ್ಯುಬೇಟರನ್ನು ಬೆಚ್ಚಗಿಡುವಂಥದ್ದು. ಅದರಲ್ಲಿ ಎಲ್ಲೆಂದರಲ್ಲಿ ವಾಯ್ಡ್ ಪಾಯಿಂಟರುಗಳು. ಅಂಥ ಪಾಯಿಂಟರ್ ಮೆಮೊರಿಯಲ್ಲೊಂದು ಜಾಗದ ವಿಳಾಸ ಕೊಡುತ್ತದೆ, ಅಷ್ಟೇ. ಅಲ್ಲಿರುವುದು ಪೂರ್ಣಾಂಕದ ‘ಇಂಟ್’ ಬಗೆಯದೋ ದಶಮಾಂಶದ ‘ಫ್ಲೋಟ್’ ಬಗೆಯದೋ ಹೇಳುವುದಿಲ್ಲ, ಬಳಸುವವರಿಗೇ ಗೊತ್ತಿರಬೇಕು. ತಪ್ಪಾಗಿ ಓದಿದರೆ ಮೂವತ್ತಾರು ಡಿಗ್ರಿ ಏನೇನೋ ಆಗಿಬಿಡುತ್ತದೆ. ಹೀಟರ್ ಭಾಗದ ಮೂಲ ಕೋಡ್ ಕಳೆದುಹೋಗಿತ್ತು. ಗೊತ್ತಿದ್ದದ್ದು ಈ ತಲೆಯೊಂದಕ್ಕೇ.

“ಇಂಟ್,” ಎಂದರು ಅವರು, ತಡವರಿಸದೆ.

ಬರೆದುಕೊಂಡಳು. ಫ್ಯಾನಿನದು, ಅಲಾರಮ್ಮಿನದು ಕೇಳಿದಳು. ಎಲ್ಲಕ್ಕೂ ಥಟ್ಟನೆ ಉತ್ತರ. ಯಾವುದಕ್ಕೂ ಇರಲಿ ಎಂದು ಮತ್ತೆ ಹೀಟರಿಗೆ ಬಂದಳು.

“ಫ್ಲೋಟ್,” ಎಂದರು, ಅಷ್ಟೇ ಖಚಿತವಾಗಿ. “ಎಷ್ಟು ಸಲ ಹೇಳ್ಬೇಕಮ್ಮ?”

ಮೊದಲು ಬರೆದ ‘ಇಂಟ್’ ಪಕ್ಕ ಅವಳೊಂದು ಪ್ರಶ್ನೆಚಿಹ್ನೆ ಹಾಕಿದಳು. ಮುಖದಲ್ಲಿ ಏನೂ ತೋರಗೊಡದೆ, “ಆಯ್ತು ಸರ್, ಎಲ್ಲ ಸಿಕ್ತು” ಎಂದಳು. ಅವರು ನಿರಾಳವಾಗಿ ಕಣ್ಣು ಮುಚ್ಚಿಕೊಂಡರು. ಸ್ಟ್ರೆಚರ್ ಬಂದು ಅವರನ್ನು ಒಯ್ದಿತು.

ಹೊರಗೆ ಹೆಂಡತಿ ಅವಳ ಮೊಣಕೈ ಹಿಡಿದರು. “ಎರಡು ಥರ ಹೇಳಿದ್ರು, ಅಲ್ವಾ?”

“ಹೌದಕ್ಕ.”

“ಬೆಳಗ್ಗೆ ನನ್ನನ್ನ ಚಿಕ್ಕಮ್ಮ ಅಂದ್ರು. ನಾನೂ ಹೂಂ ಅಂದೆ.”

ಅವಳು ಕಂಪನಿಯ ಮ್ಯಾನೇಜರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಳು. ಆಸ್ಪತ್ರೆಗಳು ಕಾಯುತ್ತಿವೆ, ಎರಡರಲ್ಲಿ ಒಂದನ್ನು ಬರೆದು ಕಳಿಸಿಬಿಡು ಎಂದ ಅವನು.

“ಇಲ್ಲ ಸರ್. ಎರಡೂ ಥರ ಓಡಿಸಿ, ಖಾಲಿ ಇನ್‌ಕ್ಯುಬೇಟರಲ್ಲಿ ಥರ್ಮಾಮೀಟರ್ ಇಟ್ಟು ನೋಡೋಣ. ಅಲ್ಲೀತನಕ ಯಾರಿಗೂ ಮಶೀನ್ ಕೊಡ್ಬೇಡಿ.”

“ಅವರಿಗಿಂತ ನಿನಗೆ ಜಾಸ್ತಿ ಗೊತ್ತಾ?”

“ನನಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಬರೀತೀನಿ.”

“ಸರಿ, ತಡೀತೀನಿ,” ಎಂದ ಅವನು.

ಬೆಂಚಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ‘ಈ ಪಾಯಿಂಟರ್ ತೋರಿಸುವುದು ಯಾವ ಬಗೆಯದೆಂದು ತಿಳಿದಿಲ್ಲ. ಅಳೆದು ನೋಡದೆ ಬಳಸಬೇಡಿ’ ಎಂದು ಬರೆದಳು.

ಪಕ್ಕದಲ್ಲಿ ಹೆಂಡತಿ ಗಂಡನ ಕನ್ನಡಕ ಒರೆಸುತ್ತಿದ್ದರು. ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸತೊಡಗಿದರು.