ದಿಂಬಿನ ಹರಾಜು

"ಯಾರೂ ಬರಬೇಡಿ ಅಂದೆನಲ್ಲ!" ಮೇಷ್ಟ್ರು ಆಸ್ಪತ್ರೆಯ ಮಂಚದಲ್ಲಿ ಗೋಡೆಯ ಕಡೆ ಮುಖಮಾಡಿಯೇ ಗದರಿದರು. ಗಂಟಲ ಗಡ್ಡೆಯಿಂದ ಅವರ ದನಿ ಆಗಲೇ ಒಡೆದಿತ್ತು. ಮರುದಿನ ಬೆಳಿಗ್ಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಿತ್ತು; ತಡಮಾಡಿದರೆ ಜೀವಕ್ಕೇ ಸಂಚಕಾರ. ಮೇಷ್ಟ್ರು ಮಾತ್ರ ಜಪ್ಪಯ್ಯ ಎಂದರೂ ಒಪ್ಪುತ್ತಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದವನು ಒಂದು ಕಾಲಕ್ಕೆ ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವನು. ಅವನ ಕೂಗು ಆ ತುದಿಯ ಲಾರಿಗಳವರೆಗೂ ಮುಟ್ಟುತ್ತಿತ್ತು. ಹೋದ ವರ್ಷ ಇದೇ ಆಸ್ಪತ್ರೆಯಲ್ಲಿ ಅವನಿಗೂ ಅದೇ ಆಪರೇಷನ್ ಆಗಿತ್ತು. ಈಗ ಅವನು ಉಸಿರಾಡುವುದು ಕುತ್ತಿಗೆಯ ಬುಡದಲ್ಲಿರುವ ತೂತಿನಿಂದ. ಅದನ್ನು ಹೆಬ್ಬೆರಳಿನಿಂದ ಮುಚ್ಚಿದರೆ, ಡಾಕ್ಟರು ಒಳಗೆ ಕೂರಿಸಿದ್ದ ಪುಟ್ಟ ಕವಾಟದ ಮೂಲಕ ತುಕ್ಕು ಹಿಡಿದ ಬಾಗಿಲು ತೆರೆದಂತೆ ದನಿ ಹೊರಡುತ್ತಿತ್ತು. ಅದನ್ನು ಕೇಳಿ ಅಂಗಡಿಯಲ್ಲಿ ಮಗುವೊಂದು ಕಿಟಾರನೆ ಕಿರುಚಿದ ಮೇಲೆ ಅವನು ಹೊರಗೆ ಬಾಯಿ ಬಿಟ್ಟಿರಲಿಲ್ಲ. ಮನೆಯಲ್ಲಿ ಕುರ್ಚಿ, ತೂಕಡಿಕೆ, ಸಿಡುಕು, ಇಷ್ಟೇ. ತಪಾಸಣೆಗೆ ಬಂದವನನ್ನು ಡಾಕ್ಟರಮ್ಮ ಇಲ್ಲಿಗೆ ಕರೆತಂದು, "ಒಂದೆರಡು ಮಾತಾಡಿ, ಸಾಕು," ಎಂದು ಬಿಟ್ಟುಹೋಗಿದ್ದರು.

"ಅಣ್ಣಾ, ನೀವಾದ್ರೂ ಹೇಳಿ," ಎಂದು ಮೇಷ್ಟ್ರ ಹೆಂಡತಿ ಅಂಗಲಾಚಿದರು.

ಅವನು ಹೆಬ್ಬೆರಳನ್ನು ಕುತ್ತಿಗೆಗೆ ಒತ್ತಿದ. "ನಾನೂ ಇದೇ ವಾರ್ಡಲ್ಲಿದ್ದೆ, ಮೇಷ್ಟ್ರೇ."

ಮೇಷ್ಟ್ರು ಥಟ್ಟನೆ ತಿರುಗಿದರು. "ನನ್ನನ್ನ ಹೆದರಿಸೋಕೆ ಕರ್ಕೊಂಡು ಬಂದ್ರಾ ಇವರನ್ನ? ಈ ದನಿ ಇಟ್ಕೊಂಡು ಕ್ಲಾಸಿಗೆ ಹೋಗ್ಲಾ? ಅದಕ್ಕಿಂತ ಸತ್ತೋಗೋದೇ ವಾಸಿ!"

ಅವನಿಗೆ ಮುಖಕ್ಕೆ ಹೊಡೆದಂತಾಯಿತು. ತಿರುಗಿ ಹೊರಟ.

"ನಿಲ್ಲಿ. ನಿಜ ಹೇಳಿ," ಹಿಂದಿನಿಂದ ಮೇಷ್ಟ್ರು ಕೇಳಿದರು. "ಸುಖವಾಗಿದ್ದೀರಾ?"

ಹೌದೆನ್ನಿ ಎಂದು ಅವರ ಹೆಂಡತಿ ಕಣ್ಣಲ್ಲೇ ಬೇಡಿದರು. ಬಾಡಿದ ಬದನೆಯನ್ನು ಈಗ ಕಿತ್ತದ್ದೆಂದು ಮಾರಿದವನಿಗೆ ಸುಳ್ಳೇನೂ ಹೊಸದಲ್ಲ. ಆದರೂ ನಾಲಗೆ ಏಳಲಿಲ್ಲ.

"ಇಲ್ಲ."

ಆಕೆ ಬಾಯಿಗೆ ಕೈ ಅಡ್ಡ ಹಿಡಿದರು.

"ದಿನವಿಡೀ ಕುರ್ಚಿ ಕಾಯ್ತೀನಿ. ಯಾಕಿದ್ದೀನೋ ಗೊತ್ತಾಗಲ್ಲ." ಉಸಿರಿಗಾಗಿ ಬೆರಳು ತೆಗೆದು, ಮತ್ತೆ ಒತ್ತಿದ. "ಮೊನ್ನೆ ಮಗಳ ಮನೇಲಿ ಮೊಮ್ಮಗಳು ಈ ಹೆಬ್ಬೆರಳನ್ನೇ ಹಿಡ್ಕೊಂಡು ಮಲಗಿಬಿಟ್ಲು. ಎಲ್ಲರೂ ಏನೇನೋ ಕೇಳ್ತಾರೆ, ನಾನು ಮಾತಾಡೋ ಹಾಗಿಲ್ಲ. ಬಿಡಿಸ್ಕೊಳ್ಳೋಕೂ ಮನಸ್ಸಿಲ್ಲ. ಅವತ್ತು ಮಾತ್ರ... ಸತ್ತಿದ್ರೆ ಇದು ಸಿಗ್ತಿರಲಿಲ್ಲ ಅನ್ನಿಸ್ತು."

ಮೇಷ್ಟ್ರು ಎದ್ದು ಕೂತರು. "ಏನು ಕೆಲಸ ಮಾಡ್ತಿದ್ರಿ?"

"ಹರಾಜು ಕೂಗ್ತಿದ್ದೆ."

"ಕೂಗಿ. ನೋಡೋಣ."

ಅದು ಸವಾಲು. ಉಳಿದ ಮಂಚಗಳವರೂ ಇತ್ತಲೇ ನೋಡುತ್ತಿದ್ದರು. ಕೊನೆಗೆ ಮೇಷ್ಟ್ರ ದಿಂಬನ್ನೇ ಎತ್ತಿ ಹಿಡಿದ.

"ಬನ್ನಿ ಬನ್ನಿ! ಆಸ್ಪತ್ರೆ ದಿಂಬು! ಹತ್ತಿ ಕಡಿಮೆ, ಗಂಟು ಜಾಸ್ತಿ! ಒಂದು ಸಲ... ಎರಡು ಸಲ..."

ಉಸಿರು ಕಟ್ಟಿ ಕೆಮ್ಮು ಒತ್ತರಿಸಿ ಬಂತು. ತೂತಿನಿಂದ ಸಿಡಿದ ಕಫವನ್ನು ಒರೆಸಿಕೊಂಡ. ಇಲ್ಲಿಗೆ ಮಾನ ಹೋಯಿತು ಎಂದುಕೊಳ್ಳುವಷ್ಟರಲ್ಲಿ ಮೂಲೆಯ ಮಂಚದ ಮುದುಕ, "ನಂದು ಅದಕ್ಕಿಂತ ಕಡೆ ಕಣಪ್ಪಾ, ಇದನ್ನೂ ಮಾರಿಕೊಡು!" ಎಂದ. ವಾರ್ಡು ಗೊಳ್ಳೆಂದಿತು. ಮೇಷ್ಟ್ರೂ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

"ಕೊನೇ ಬೆಂಚಿಗೂ ಕೇಳಿಸ್ತು," ಎಂದರು. ಆಮೇಲೆ ಮೆಲ್ಲಗೆ, "ನಾಳೆ ಬರ್ತೀರಾ?"

ಬೆಳಿಗ್ಗೆ ಅವನು ಟ್ರಾಲಿಯ ಜೊತೆ ಆಪರೇಷನ್ ಕೋಣೆಯ ಬಾಗಿಲವರೆಗೂ ನಡೆದ. ಬಾಗಿಲು ಮತ್ತೆ ತೆರೆಯುವವರೆಗೆ ಮೇಷ್ಟ್ರ ಹೆಂಡತಿಯ ಪಕ್ಕ ಬೆಂಚಿನ ಮೇಲೆ ಕೂತಿದ್ದ. ಗಾಯ ಮಾಗಿ, ದನಿ ಪಳಗಿಸುವ ದಿನ ಬಂದಾಗ ಮೇಷ್ಟ್ರು ಗೊರಗೊರ ಎನ್ನುತ್ತ ಆಡಿದ ಮೊದಲ ಮಾತು ಅವನಿಗೇ: "ಯಾಕ್ರೀ ಲೇಟು?"

ಆಮೇಲೂ ಅವನು ಬರುವುದನ್ನು ಬಿಡಲಿಲ್ಲ. ಸಿಡುಕು ಪೂರ್ತಿ ಹೋಯಿತೆಂದಲ್ಲ. ಆದರೆ ಮನೆಯಲ್ಲಿ ಅವನು ಸಿಡುಕಿದ್ದಕ್ಕೆ ಹೆಂಡತಿ ತಿರುಗಿ ಉತ್ತರ ಕೊಡುವಷ್ಟರಲ್ಲಿ ಆಸ್ಪತ್ರೆಗೆಂದು ಮೆಟ್ಟಿಲಿಳಿದಿರುತ್ತಿದ್ದ.

ಒಂದು ದಿನ ಕಿಟಕಿ ಬಳಿಯ ಮಂಚಕ್ಕೆ ಹೊಸಬರೊಬ್ಬರು ಬಂದಿದ್ದರು. ತಲೆಯವರೆಗೂ ಹೊದ್ದುಕೊಂಡಿದ್ದರು. ಅವನು ಸ್ಟೂಲು ಎಳೆದುಕೊಂಡು ಕೂತ. ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಾದ. ಕೆಳಗೆ ಬೀದಿಯಲ್ಲಿ ಬಸ್ಸುಗಳು ಹೋಗಿ ಬಂದವು. ಬಹಳ ಹೊತ್ತಿನ ಮೇಲೆ ಹೊದಿಕೆಯ ಅಂಚು ಒಂದಿಷ್ಟು ಸರಿಯಿತು.