ಹಂಪಮ್ಮನಿಗೆ ಮಾಡಬೇಕಾದ ಫೋನು

ಗಾಜಿನ ಬಾಗಿಲು ಮುಚ್ಚಿದ ಕೂಡಲೇ ಹಿಮಾಯತ್‌ನಗರದ ಹಾರ್ನುಗಳೆಲ್ಲ ಕತ್ತರಿಸಿದಂತೆ ನಿಲ್ಲುತ್ತವೆ, ಮತ್ತೆ ಯಾರೋ ತೆಗೆಯುತ್ತಾರೆ, ಆಟೋದವನ ಅರ್ಧ ಬೈಗುಳ ಒಳಗೆ ಬಂದು ಸೋಫಾದ ಮೇಲೆ ಕೂತುಕೊಳ್ಳುತ್ತದೆ, ಮುಚ್ಚಿತು, ಹೋಯಿತು — ಈ ಬಾಗಿಲನ್ನು ಎಷ್ಟು ದಿನ ಕೇಳಿದ್ದೇನೆ, ಇವತ್ತೇ ಇಲ್ಲಿ ಕೆಲಸದ ಕಡೆಯ ದಿನ, ಎದುರಿಗೆ ಶಿವಪ್ರಕಾಶ ಸರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಕಿವಿ ಕ್ಲಿನಿಕ್ಕಿನ ಫೋನನ್ನು ಮೇಜಿನ ನಡುವೆ ಸ್ಪೀಕರಿಗೆ ಹಾಕಿಟ್ಟು, ನಗುತ್ತಿದ್ದಾರೆ. ಎಷ್ಟು ಚೆನ್ನಾಗಿ ನಗುತ್ತಾರೆ. ನೀಲಾ, ನಮ್ಮ ಕಡೀ ಪೇಷಂಟ್ಸಿಗೆಲ್ಲಾ ನೀನ ಒಂದ ಮಾತು ಹೇಳಿಬಿಡವ್ವ, ನಾ ಹೊಂಟೀನಿ, ಆದ್ರ ನೀವು ಇಲ್ಲೇ ಬರ್ರಿ ಅಂತ, ಅಷ್ಟ. ಅಷ್ಟೇ ಅಂತೆ. ನಮ್ಮ ಕಡೆಯವರು ಅಂದರೆ ಬೀದರ, ರಾಯಚೂರು, ಕೊಪ್ಪಳದಿಂದ ಬಂದು ಇಲ್ಲೇ ಮುದುಕರಾದ ರೈಲ್ವೆಯವರು, ಫ್ಯಾಕ್ಟರಿಯವರು, ಅರಿವೆ ಅಂಗಡಿಯವರು, ಬದುಕನ್ನೆಲ್ಲ ತೆಲುಗಿನಲ್ಲಿ, ಹಿಂದಿಯಲ್ಲಿ ಮಾಡಿದವರು, ಜಗಳವನ್ನೂ ಅದರಲ್ಲೇ ಆಡಿದವರು, ಕಿವಿ ಕೈಕೊಟ್ಟಾಗ ಮಾತ್ರ ಅವರಿಗೆ ಕನ್ನಡ ಬೇಕು, ಅದಕ್ಕೇ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡದ್ದು, ಕಿವಿ ಪರೀಕ್ಷೆ ಮಾಡುವ ಡಿಗ್ರಿ ಬೇರೆಯವರ ಬಳಿಯೂ ಇತ್ತು. ಈಗ ಹೋಗುವವಳು ಆ ಕನ್ನಡವನ್ನು ಕಿತ್ತು ಮೇಜಿನ ಮೇಲೆ ಇಟ್ಟು ಹೋಗಬೇಕು. ಇಲ್ಲವೆಂದರೆ? ಇಲ್ಲವೆಂದರೆ ಏನೂ ಇಲ್ಲ, ಅವರು ಬೆದರಿಸುವವರಲ್ಲ, ಮುಂದಿನ ವಾರ ನಾನು ಸೇರಬೇಕಾದ ಮಾದಾಪುರದ ಆಸ್ಪತ್ರೆಯವರು ಇವರಿಗೆ ಫೋನ್ ಮಾಡಿ ಹುಡುಗಿ ಹೇಗೆ ಎಂದು ವಿಚಾರಿಸುತ್ತಾರೆ, ಇವರು ಉತ್ತರ ಕೊಡುವ ಮೊದಲು ಒಂದು ಉಸಿರು ತಡೆದರೆ ಸಾಕು, ಹೊಸ ಕೆಲಸ ಹೋಯಿತು. ಇಬ್ಬರಿಗೂ ಗೊತ್ತಿದೆ. ಗೊತ್ತಿರುವುದನ್ನು ಹೇಳದೆ ಹೀಗೆ ಎದುರುಬದುರು ನಗುತ್ತ ಕೂಡುವುದಕ್ಕೆ ಒಳ್ಳೆಯ ಸಂಬಂಧ ಎಂದು ಹೆಸರು. ಬೆಳಿಗ್ಗೆ ಅಪ್ಪ ಕನ್ನಡಕ ಒರೆಸುತ್ತ ಅದನ್ನೇ ಹೇಳಿದ್ದು, ಹೊಂಟಾಗ ಮುಖಾ ಉಬ್ಬಿಸಬ್ಯಾಡ, ನಗನಗತಾ ಬಾ, ಬಸವ ಜಯಂತಿಗೆ ಅಂವ ನನಗ ಎದುರಿಗೆ ಸಿಗತಾನ, ಪೇಢೆ ಒಯ್ದು ಕೊಡು. ಅಪ್ಪ ಫ್ಯಾಕ್ಟರಿಯಲ್ಲಿ ಇದ್ದಷ್ಟು ವರ್ಷವೂ ನಗನಗುತ್ತಲೇ ಇದ್ದರು, ಮನೆಗೆ ಬಂದು ಊಟದ ತಟ್ಟೆಯ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದರು, ಆ ತಟ್ಟೆಯ ಸದ್ದು ನನಗೆ ಇನ್ನೂ ಕೇಳುತ್ತದೆ. ಪೇಢೆಯ ಡಬ್ಬಿ ಇಲ್ಲೇ ಇದೆ. ಸರ್ ಎರಡು ತಿಂದು ಮೂರನೆಯದಕ್ಕೆ ಕೈ ಹಾಕಿದ್ದಾರೆ.

ಮತ್ತೆ ಆ ಇಲ್ಲದ ಮದುವೆ. ಕಾರಣ ಏನಂತ ಹೇಳೋದು ಸರ್ ಎಂದು ಕೇಳಿದೆನಲ್ಲ, ನಾನೇ ಕೇಳಿದೆ, ಅವರು ಯೋಚನೆ ಕೂಡ ಮಾಡಲಿಲ್ಲ, ಲಗ್ನ ಗೊತ್ತಾಗೈತಿ ಅಂದ್ಬಿಡು, ಮಂದಿ ಖುಷಿ ಆಗತಾರ, ಬ್ಯಾರೆ ಆಸ್ಪತ್ರಿ ಹೆಸರ ತಗೊಂಡಿ ಅಂದ್ರ ಎಲ್ಲಾರೂ ನಿನ್ನ ಬೆನ್ನ ಹತ್ತತಾರ. ಮೊದಲ ಫೋನು ಸುಬ್ಬರಾಯರಿಗೆ, ನಿವೃತ್ತ ಸ್ಟೇಷನ್ ಮಾಸ್ಟರು, ಕಿವಿಗೆ ಮಷಿನ್ ಹಾಕಿಕೊಂಡೂ ಪ್ಲಾಟ್‌ಫಾರ್ಮಿನ ಆ ತುದಿಗೆ ಕೂಗಿ ಹೇಳುವಂತೆಯೇ ಮಾತಾಡುವವರು. ನಾನು ಕೆಲಸ ಬಿಡಾಕತ್ತೀನ್ರಿ ಎನ್ನುವುದರೊಳಗೆ, ಲಗ್ನ ಏನವ್ವ, ವರಾ ಎಲ್ಲ್ಯಾಂವ — ನಾನು ಬಾಯಿ ತೆರೆಯುವ ಮೊದಲೇ ಸರ್ ಮುಂದಕ್ಕೆ ಬಾಗಿ, ಮಾದಾಪುರದಾಗ ಇಂಜಿನಿಯರ್ ಅದಾನ್ರಿ ಯಜಮಾನ್ರ. ಹೌದೇನು, ಹಂಗಾದ್ರ ದಿನಾ ಟ್ರಾಫಿಕ್‌ನಾಗ ಇರತಾನ, ಜಗಳಾಡಾಕ ಮನ್ಯಾಗ ಸಿಗಂಗಿಲ್ಲ, ಚಲೋ ಆತು ಬಿಡು. ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಗಿಲ ಹತ್ತಿರ ಚೀಟಿ ಬರೆದುಕೊಡುವ ಪಿಂಕಿ ಕುತ್ತಿಗೆ ಚಾಚಿ, ಕ್ಯಾ ಮೇಡಂ, ಶಾದಿ ಹೈ ಔರ್ ಮೇರೆಕು ನಹೀ ಬೋಲೇ, ಎಂದಳು, ತನಗೊಂದು ಮಾತು ಹೇಳಲಿಲ್ಲವೆಂದು ದೂರುವವಳ ಹಾಗೆ, ಅವಳಿಗೂ ನಿಜ ಗೊತ್ತು, ನನ್ನ ಮುಖ ನೋಡಲೆಂದೇ ಹಾಗಂದಳು. ಒಬ್ಬರಾದ ಮೇಲೆ ಒಬ್ಬರು ಇಲ್ಲದ ಗಂಡನ ಜೊತೆ ನೂರು ವರ್ಷ ಬಾಳು ಎನ್ನುತ್ತಿದ್ದಾರೆ, ನಾನು ಹೂಂರಿ, ಆತ್ರಿ, ನಿಮ್ಮ ಆಶೀರ್ವಾದರಿ ಎನ್ನುತ್ತಿದ್ದೇನೆ. ನಾನು ಬೇರೆ ಕಡೆ ಒಳ್ಳೆಯ ಕೆಲಸಕ್ಕೆ ಹೋಗುತ್ತಿದ್ದೇನೆ ಎಂಬ ಒಂದು ಸಾಧಾರಣ ಸಂಗತಿ ಯಾಕೆ ಹೇಳಬಾರದ್ದಾಯಿತು, ನಾನು ಕದ್ದದ್ದೇನು, ಓದಿದ್ದು ನಾನು, ಎದುರಿಗಿದ್ದ ಮುಖ ನೋಡಿ ಕೇಳಿತೋ ಇಲ್ಲವೋ ಎಂದು ತಿಳಿಯುವುದನ್ನು ಕಲಿತದ್ದು ನಾನು, ಆ ಕೋಣೆಯಲ್ಲಿ ದಿನವಿಡೀ ಕೂತದ್ದು ನಾನು — ಆ ಕೋಣೆಯೊಂದನ್ನು ಬಿಟ್ಟುಹೋಗುವುದಕ್ಕೆ ಮಾತ್ರ ಬೇಸರ, ಸದ್ದು ನುಗ್ಗದಂತೆ ಗೋಡೆಗೆಲ್ಲ ದಪ್ಪ ಮೆತ್ತೆ ಹೊದಿಸಿದ ಪರೀಕ್ಷೆಯ ಕೋಣೆ, ಮಧ್ಯಾಹ್ನ ಯಾರೂ ಇಲ್ಲದಾಗ ಒಳಗೆ ಹೋಗಿ ಬುತ್ತಿ ಬಿಚ್ಚುತ್ತಿದ್ದೆ, ನಾನು ಅಗಿಯುವುದು ನನಗೇ ಕೇಳುತ್ತಿತ್ತು, ಆಮೇಲೆ ನನ್ನ ರಕ್ತ ಹರಿಯುವುದು. ಅಲ್ಲಿನ ಮೌನ ಪ್ರಾಮಾಣಿಕವಾಗಿತ್ತು. ಕೂತವರಿಗೆ ಸದ್ದು ಕೇಳಿದರೆ ಗುಂಡಿ ಒತ್ತುತ್ತಾರೆ, ಕೇಳದಿದ್ದರೆ ಇಲ್ಲ, ನಡುವೆ ಇನ್ನೇನೂ ಇರಲಿಲ್ಲ.

ಮುಂದಿನ ಫೋನು ಹಂಪಮ್ಮನಿಗೆ. ಸರ್ ನೀರು ಕುಡಿಯುತ್ತಿದ್ದಾರೆ, ಗಂಟಲ ಗಂಟು ಏರಿಳಿಯುತ್ತಿದೆ, ಹಂಪಮ್ಮನ ಕಿವಿಯ ಮಷಿನ್ ಅವರ ಮೇಜಿನ ಮೇಲಿನ ಖಾನೆಯಲ್ಲಿದೆ, ನನ್ನ ಮೊಣಕೈಯಿಂದ ಒಂದು ಗೇಣು ದೂರ. ಮಲ್ಕಾಜ್‌ಗಿರಿಯ ಹಂಪಮ್ಮ, ಗಂಡ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು, ತೀರಿಕೊಂಡರು, ಮಷಿನ್ ಹಾಕಿಕೊಂಡ ಮರುದಿನ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ ಹಿಡಿದು ಬಂದಿದ್ದಳು, ರೊಟ್ಟಿ ಬಡಿಯೋ ಸಪ್ಪಳ ಕೇಳಿ ಎಷ್ಟು ವರ್ಷ ಆಗಿತ್ತವ್ವ, ನನ್ನ ಕೈ ಸಪ್ಪಳ ನನಗ ಕೇಳಸ್ತು, ಹೆಚ್ಚಾಗಿ ಬಡದಬಿಟ್ಟೆ, ಅಷ್ಟೂ ತಿನ್ನೋರಿಲ್ಲ, ನೀ ತಿನ್ನು. ಹೋದ ವಾರ ಮಷಿನ್ ಕೆಟ್ಟಿತೆಂದು ತಂದುಕೊಟ್ಟಳು, ನಾನು ರಜೆಯಲ್ಲಿದ್ದೆ. ನಿನ್ನೆ ಅದನ್ನು ತೆಗೆದು ನೋಡಿದೆ, ಸದ್ದು ಹೊರಬರುವ ತೂತಿಗೆ ಕಿವಿಯ ಗುಗ್ಗೆ ಕಟ್ಟಿಕೊಂಡಿತ್ತು, ಬೇರೇನೂ ಇಲ್ಲ, ಸಣ್ಣ ಬ್ರಷ್ಷಿನಿಂದ ತೆಗೆದೆ, ತೂತಿನ ಸಣ್ಣ ಜಾಲರಿ ಬದಲಿಸಿದೆ, ಪರೀಕ್ಷೆ ಮಾಡಿದೆ, ಹೊಸದರಂತೆ ಮಾತಾಡಿತು. ಹೇಳಲು ಹೋದರೆ ಸರ್ ತಲೆಯೆತ್ತದೆ, ಅದು ಸತ್ತೈತಿ ಅಂತ ಆಕಿಗೆ ಹೇಳೀನಿ, ಎರಡೂ ಕಿವಿಗೆ ಹೊಸಾದು ಹಾಕೋದೈತಿ, ಸೋಮವಾರ ಬರತಾಳ. ಸತ್ತಿಲ್ರಿ ಸರ್, ಚಲೋ ಐತ್ರಿ. ಇವತ್ತ ಆಡತೈತಿ, ನಾಳೆ ನಿಲ್ಲತೈತಿ, ಹೊಂಟಾಕಿ ನೀ, ನಿನಗ್ಯಾಕವ್ವ? ಹೊಂಟಾಕಿ ನೀ. ಹೊರಟವಳ ಕನ್ನಡ ಬೇಕು, ಧ್ವನಿ ಬೇಕು, ಪೇಢೆ ಬೇಕು, ಹೊರಟವಳು ಕಣ್ಣಿಂದ ಕಂಡದ್ದು ಮಾತ್ರ ಬೇಡ. ನಿನ್ನೆ ಸಂಜೆ ಪಿಂಕಿ ಹೇಳಿದಳು, ಹೊಸ ಮಷಿನ್ನಿಗೆಂದು ಆ ಅಜ್ಜಿ ಮೊಮ್ಮಗಳ ಕಾಲೇಜಿಗೆ ಇಟ್ಟ ದುಡ್ಡನ್ನು ತೆಗೆಯುತ್ತಾಳಂತೆ, ಪಾಪಂ. ಈಗ ಸರ್ ಲೋಟ ಕೆಳಗಿಟ್ಟು, ಹಂಪಮ್ಮಗ ಅಷ್ಟ ಸ್ವಲ್ಪ ಬಿಡಿಸಿ ಹೇಳವ್ವ, ಸರ್ ಚಲೋ ಮಷಿನ್ ಆರಿಸಿ ಇಟ್ಟಾರ, ಕಣ್ಣ ಮುಚ್ಚಿ ತಗೋರಿ ಅಂತ, ನಿನ್ನ ಮಾತ ಅಂದ್ರ ಆಕಿ ಮೀರಂಗಿಲ್ಲ. ಮೀರುವುದಿಲ್ಲ, ನಿಜ. ಮಾದಾಪುರ, ಅಪ್ಪ, ಬಸವ ಜಯಂತಿ, ಒಂದು ಫೋನು ಮುಗಿಸಿಬಿಟ್ಟರೆ ಸಂಜೆ ಮೆಟ್ರೋ ಹತ್ತಿ ಹೋಗಿಬಿಡಬಹುದು, ಸೋಮವಾರ ಇಲ್ಲಿ ಏನಾಗುತ್ತದೋ ನನಗೆ ಕೇಳಿಸುವುದೇ ಇಲ್ಲ.

ಗಂಟೆ ಹೋಗುತ್ತಿದೆ, ಬಹಳ ಹೊತ್ತು, ಅವಳಿಗೆ ಕೇಳುತ್ತಿಲ್ಲ, ಯಾವುದೋ ಮಗು ಫೋನೆತ್ತಿ ಅಜ್ಜಿ ಅಜ್ಜಿ ಎಂದು ಕೂಗಿ ಕೊಟ್ಟಿತು. ಯಾರು? ನಾನ್ರಿ ಹಂಪಮ್ಮರ, ನೀಲಾ. ಯಾರು? ಕಿವ್ಯಾಗ ಏನೂ ಇಲ್ಲವ್ವ, ಜೋರಾಗಿ ಮಾತಾಡು. ನಾನ್ರಿ, ಕಿವೀ ಮಷಿನ್ ನೀಲಾ. ಹಾಂ, ನೀಲವ್ವ, ಆರಾಮ ಅದೀಯೇನು, ಉಂಡಿಯೇನು? ನಾ ಕೆಲಸ ಬಿಟ್ಟೀನ್ರಿ. ಏನ ಬಿದ್ದೈತಿ? ಸರ್ ನಗು ಹಿಡಿದುಕೊಂಡು ಅಂಗೈ ಮೇಲೆ ಮಾಡಿ ಎತ್ತುತ್ತಾರೆ, ಜೋರಾಗಿ, ಇನ್ನೂ ಜೋರಾಗಿ, ಬ್ಯಾಂಡಿನವರಿಗೆ ಸನ್ನೆ ಮಾಡಿದ ಹಾಗೆ. ನಾನು ಹುಟ್ಟಿದಾಗಿನಿಂದ ಧ್ವನಿ ಎತ್ತಿದವಳಲ್ಲ, ಶಾಲೆಯಲ್ಲಿ ಹಾಜರಿ ಕೂಗಿದರೂ ಕೈ ಎತ್ತುತ್ತಿದ್ದೆ, ಈಗ ಒಂದು ಸುಳ್ಳನ್ನು ಬೀದಿಗೆ ಕೇಳುವಂತೆ ಒದರಬೇಕು, ಮೆಲ್ಲಗೆ ಹೇಳಿ ಮುಗಿಸುವ ಅನುಕೂಲವೂ ಇಲ್ಲ, ಕಿವುಡಿಗೆ ಸುಳ್ಳು ಹೇಳುವವರು ಎಷ್ಟು ಗಟ್ಟಿಯಾಗಿ ಹೇಳಬೇಕೆಂದು ಇವರಿಗೆ ಗೊತ್ತೇ, ಸೋಫಾದವರು ಈ ಕಡೆ ತಿರುಗಿದ್ದಾರೆ, ಅಂಗೈ ಏರುತ್ತಿದೆ, ಹೇಳವ್ವ, ಹೇಳು, ಹಂಪಮ್ಮ ಕಾಯುತ್ತಿದ್ದಾಳೆ, ಅವಳ ಉಸಿರು ಸ್ಪೀಕರಿನಲ್ಲಿ ಬರುತ್ತಿದೆ, ನಿಮ್ಮ ಮಷಿನ್ — ಕೇಳಾಕತ್ತೈತಿ, ಹೇಳು — ನಿಮ್ಮ ಹಳೇ ಮಷಿನ್ ಚಲೋ ಐತ್ರಿ ಹಂಪಮ್ಮರ, ಕೆಟ್ಟಿಲ್ರಿ, ಗುಗ್ಗಿ ತುಂಬಿತ್ತ ಅಷ್ಟ, ನಾ ತೆಗದೀನಿ, ಹೊಸಾದು ತಗೋಬ್ಯಾಡ್ರಿ, ಇದು ನನ್ನ ಗಂಟಲೇ, ಇಷ್ಟು ದೊಡ್ಡದಿತ್ತೇ, ಬಾಗಿಲು ಯಾರೋ ತೆಗೆದರು, ಬೀದಿಯೆಲ್ಲ ಒಳಗೆ ಬಂತು, ಹಾರ್ನುಗಳ ಮೇಲಿಂದ ನನ್ನದೇ ಧ್ವನಿ. ಏನಂದಿ? ಅರ್ಧ ಕೇಳಸ್ತವ್ವ, ಇನ್ನೊಮ್ಮೆ ಹೇಳು, ಜೋರಾಗಿ. ಸರ್ ಈಗ ನಗುತ್ತಿಲ್ಲ. ಅಂಗೈ ಮಾತ್ರ ಇನ್ನೂ ಮೇಲಿದೆ, ಎತ್ತಿದ್ದು ಎತ್ತಿದಂತೆಯೇ, ಇಳಿಸಲು ಮರೆತ ಹಾಗೆ, ಬೆರಳ ಸಂದಿಯಲ್ಲಿ ಪೇಢೆಯ ಪುಡಿ, ಇನ್ನೊಮ್ಮೆ ಹೇಳು ನೀಲವ್ವ, ಹೇಳುತ್ತಿದ್ದೇನೆ, ಆ ಅಂಗೈಯನ್ನೇ ನೋಡುತ್ತ ಹೇಳುತ್ತಿದ್ದೇನೆ, ಅದು ಕೆಳಗಿಳಿಯುವುದಿಲ್ಲ, ಮೇಜಿನ ಮೇಲೆ, ಗಾಳಿಯಲ್ಲಿ, ಬಿಚ್ಚಿದ ಅಂಗೈ.